ಗೌರಿ ಮಲಗಿದ ರಾತ್ರಿ

ಮೈಸೂರಿನ ಟಾಂಗಾ ಓಡಿಸುವವರ ಮನೆಯಲ್ಲಿ ಹುಟ್ಟಿದವನು ನಾನು. ಕುದುರೆ ಸಾಕೋದನ್ನ ನನಗೆ ಯಾರು ಹೇಳಿಕೊಡಬೇಕು ಅನ್ನೋ ಜಂಬ ಇತ್ತು. ನಮ್ಮ ಕುದುರೆ ಗೌರಿ ಕೆಮ್ಮಲು ಶುರು ಮಾಡಿದ ಮೇಲೆ ಅದು ಇಳಿಯಿತು.

ಚಳಿಗಾಲ. ಥಂಡಿ ಆಗಿದೆ ಅಂದುಕೊಂಡು ಲಾಯದ ಕಿಟಕಿಗೆ ಗೋಣಿಚೀಲ ಕಟ್ಟಿದೆ, ಬಾಗಿಲಿಗೆ ತಗಡು ಮುಚ್ಚಿದೆ. ಕೆಮ್ಮು ಇನ್ನೂ ಜಾಸ್ತಿ ಆಯಿತು. ಡಾಕ್ಟ್ರು ಬಂದವರು ಮೊದಲು ಅವಳ ಪಕ್ಕೆ ಏರಿಳಿಯುವುದನ್ನು ಎಣಿಸಿದರು. ಸುಮ್ನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡಬೇಕು. ಗೌರಿದು 26.

"ಇಲ್ಲಿ ಸ್ವಲ್ಪ ಕೂತ್ಕೊಳ್ಳಪ್ಪ. ಬಾಗಿಲಲ್ಲಿ ಅಲ್ಲ, ಒಳಗೆ, ನೆಲದ ಮೇಲೆ" ಅಂದರು. ಕೂತೆ. ಎರಡೇ ನಿಮಿಷಕ್ಕೆ ಕಣ್ಣು ಉರಿ, ಮೂಗಿಗೆ ಘಾಟು. ನಿಂತಾಗ ನನಗೆ ಅಷ್ಟು ಗೊತ್ತೇ ಆಗಿರಲಿಲ್ಲ. ಉಚ್ಚೆಯಿಂದ ಏಳುವ ಅಮೋನಿಯಾ ಅದು. ಗೌರಿ ಮಲಗಿದರೂ ಅದೇ ಗಾಳಿ, ಮೇವಿಗೆ ತಲೆ ಬಗ್ಗಿಸಿದರೂ ಅದೇ. ಚಳಿ ತಡೆಯುವ ಪ್ರಾಣಿಯನ್ನು ನಾನು ಘಾಟಿನಲ್ಲಿ ಕೂಡಿ ಹಾಕಿದ್ದೆ.

ಅವತ್ತೇ ಗೋಣಿ ಕಿತ್ತೆ. ಸೂರಿನ ಕೆಳಗೆ ಎರಡೂ ಕಡೆ ಒಂದೊಂದು ಅಡಿ ಗೋಡೆ ಒಡೆಸಿದೆ. ನೆಲಕ್ಕೆ ವಾಟ ಕೊಟ್ಟು ಮೋರಿ ಮಾಡಿಸಿದೆ. ಪಕ್ಕದಲ್ಲಿ ಹಳೇ ಗಾಲಿ, ಮುರುಕು ಮೂಕಿ ಎಲ್ಲಾ ತುಂಬಿಟ್ಟಿದ್ದ ಜಾಗ ಖಾಲಿ ಮಾಡಿ ಅಡ್ಡಗೋಡೆ ತೆಗೆಸಿದೆ. 12 ಅಡಿಗೆ 12 ಅಡಿ ಸಿಕ್ಕಿತು. ಹಾಸಲು ಬಡಗಿ ಅಂಗಡಿಯಿಂದ ಮರದ ಸಿಪ್ಪೆ ತಂದೆ. ಸುರುಳಿ ಸುರುಳಿಯಾಗಿರುವುದೇ ಬೇಕು, ಪುಡಿ ಬೇಡ. ಪುಡಿ ನೇರ ಮೂಗಿಗೆ ಹೋಗುತ್ತೆ.

ಒಣಹುಲ್ಲನ್ನು ಲಾಯದೊಳಗೇ ಕೊಡವುತ್ತಿದ್ದೆ. ಈಗ ಹೊರಗೆ ಕೊಡವಿ, ನೀರಲ್ಲಿ ಅದ್ದಿ, ಆಗಿಂದಾಗಲೇ ಹಾಕುತ್ತೇನೆ. ಬೇಯಿಸಿದ ಹುರುಳಿ ಅಪ್ಪನ ಕಾಲದಿಂದ ಬಂದದ್ದು, ಬಿಟ್ಟಿಲ್ಲ. ಆದರೆ ಒಂದೇ ಹೊತ್ತಿಗೆ ಸುರಿಯದೆ ಮೂರು ಹೊತ್ತಿಗೆ ಹಂಚುತ್ತೇನೆ. ಕುದುರೆಗೆ ವಾಂತಿ ಮಾಡಲು ಆಗಲ್ಲ, ಹೊಟ್ಟೆನೋವು ಬಂದರೆ ಜೀವಕ್ಕೇ ಬರುತ್ತದೆ. ಲದ್ದಿ ದಿನಕ್ಕೆರಡು ಸಲ ಬಾಚುವುದು, ಸಂಜೆ ಗೊರಸು ಕೆರೆಯುವುದು ಇದ್ದೇ ಇದೆ. ಗೊರಸಿನ ನಡುವಿನ ಮೆತ್ತನೆ ಭಾಗ ಕಪ್ಪಾಗಿ ಕೊಳೆತ ವಾಸನೆ ಬಂದರೆ ನೆಲ ಒದ್ದೆ ಇದೆ ಅಂತಲೇ ಲೆಕ್ಕ.

ಮೂರು ವಾರಕ್ಕೆ ಉಸಿರು 14ಕ್ಕೆ ಇಳಿಯಿತು. ಔಷಧಿಯೂ ನಡೆದಿತ್ತು, ಎಲ್ಲಾ ಗಾಳಿಯಿಂದಲೇ ಅನ್ನಲಾರೆ.

ಇನ್ನೊಂದು ಮಾತು. ಕುದುರೆ ನಿಂತೇ ನಿದ್ದೆ ಮಾಡುತ್ತೆ ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ, ಅಲ್ವಾ? ತೂಕಡಿಸುವುದು ನಿಂತೇ, ನಿಜ. ಗಾಢ ನಿದ್ದೆಗೆ ಅದು ಮಲಗಲೇಬೇಕು. ಹಳೇ ಇಕ್ಕಟ್ಟಿನಲ್ಲಿ ಗೌರಿ ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ. ಲಾಯ ದೊಡ್ಡದು ಮಾಡಿ ಐದಾರು ದಿನ ಆಗಿರಬೇಕು. ಬೆಳಿಗ್ಗೆ ಹೋಗಿ ನೋಡಿದರೆ ಎಡಗಡೆ ಮೈಗೆಲ್ಲ ಮರದ ಸಿಪ್ಪೆ ಅಂಟಿದೆ, ಜೂಲಿನಲ್ಲೂ ಎರಡು ಸುರುಳಿ ಸಿಕ್ಕಿಕೊಂಡಿದೆ. ಬ್ರಷ್ ತಗೊಂಡು ಒಂದೊಂದೇ ಬಿಡಿಸುತ್ತಾ ನಿಂತೆ. ಅವತ್ತು ಅರಮನೆ ಹತ್ತಿರದ ಸ್ಟ್ಯಾಂಡಿಗೆ ಹೋಗಿದ್ದು ಅರ್ಧ ಗಂಟೆ ತಡ.