ಕಾಫಿ ತೋಟದಲ್ಲಿ ವೈರ್‌ಲೆಸ್ ಸೆನ್ಸರ್ ಜಾಲ: ಮಳೆಗಾಲ ದಾಟುವಂತೆ ಕಟ್ಟುವುದು ಹೇಗೆ

ಮಾರ್ಚ್‌ನಲ್ಲಿ ತೋಟದ ಮೂಲೆಮೂಲೆಯಿಂದಲೂ ಸಿಗ್ನಲ್ ಬರುತ್ತದೆ. ಜೂನ್ ಮಳೆ ಹಿಡಿದ ಮೇಲೆ ಅರ್ಧ ನೋಡ್‌ಗಳು (ಸೆನ್ಸರ್, ರೇಡಿಯೋ, ಬ್ಯಾಟರಿ ಇರುವ ಡಬ್ಬಿಗಳು) ಸುಮ್ಮನಾಗುತ್ತವೆ. ಕೊಡಗಿನ ತೋಟಗಳಲ್ಲಿ ಸೆನ್ಸರ್ ಜಾಲ ಕೈಕೊಡುವುದು ಹೆಚ್ಚಾಗಿ ಹೀಗೆಯೇ, ಮತ್ತು ಆಗ ಉಪಕರಣ ಕೆಟ್ಟಿರುವುದಿಲ್ಲ. ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಎಲ್ಲವೂ ನೆಂದು ತೊಟ್ಟಿಕ್ಕುತ್ತಿರುವಾಗ ಆ ನೀರು ರೇಡಿಯೋ ಅಲೆಯ ಶಕ್ತಿಯನ್ನು ಹೀರುತ್ತದೆ. ಆವರ್ತನ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಆದ್ದರಿಂದ ಜಾಗ ನೋಡುವುದು, ಆಂಟೆನಾ ಎತ್ತರ ಗೊತ್ತುಮಾಡುವುದು ಎಲ್ಲವನ್ನೂ ಎಲೆ ಒದ್ದೆಯಾಗಿರುವಾಗಲೇ ಮಾಡಬೇಕು. ಬೇಸಿಗೆಯಲ್ಲೇ ಕಟ್ಟಬೇಕಾದರೆ ಸ್ಪ್ರಿಂಕ್ಲರ್ ಓಡಿಸಿ, ಅದು ನಿಂತ ಕೂಡಲೇ ಅಳೆಯಿರಿ.

ಇಲ್ಲಿ ಮಾದರಿಗೆ ಇಟ್ಟುಕೊಂಡಿರುವುದು ಹತ್ತು ಎಕರೆ ರೋಬಸ್ಟಾ ತೋಟ. ಮಣ್ಣಿನ ತೇವ ಅಳೆಯಲು ಆರು ನೋಡ್, ಒಂದು ಮಳೆಮಾಪಕ, ಮನೆಯ ಮೇಲೊಂದು ರಿಸೀವರ್.

ಯಾವ ರೇಡಿಯೋ ಎಲ್ಲಿಗೆ

ತೋಟದೊಳಗೆ ವೈಫೈ, ಬ್ಲೂಟೂತ್, ಜಿಗ್ಬೀ (ಮನೆಯ ಸೆನ್ಸರ್‌ಗಳು ಬಳಸುವ ಹತ್ತಿರದ ರೇಡಿಯೋ) ಯಾವುದನ್ನೂ ನೆಚ್ಚಬೇಡಿ. ಸಾಮಾನ್ಯವಾಗಿ ಸಿಗುವ ಈ ಮೂರೂ 2.4 ಗಿಗಾಹರ್ಟ್ಸ್‌ನವು, ಅವುಗಳ ಜಾಗ ಕಣ, ಗೋದಾಮು, ಮನೆ. ತೋಟಕ್ಕೆ ಲೋರಾ ಸರಿ: ಕಡಿಮೆ ಶಕ್ತಿಯಲ್ಲಿ ಚಿಕ್ಕ ಸಂದೇಶಗಳನ್ನು ದೂರ ಕಳುಹಿಸುವ ರೇಡಿಯೋ ಅದು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಿಂದ ಲೈಸೆನ್ಸ್ ಇಲ್ಲದೆ ಬಳಸಬಹುದು. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಯಿತು. ಮಾದರಿ ಪ್ರೋಗ್ರಾಂಗಳಲ್ಲಿ ಅನೇಕ ಸಲ 915 ಎಂದಿರುತ್ತದೆ. ಅದು ಅಮೆರಿಕದ ಪಟ್ಟಿ. ನಮ್ಮಲ್ಲಿ ಅದು ಮೊಬೈಲ್ ಫೋನ್‌ಗಳ ಪಟ್ಟಿಗೆ ಅಂಟಿಕೊಂಡಿದೆ. ಆ ಸಂಖ್ಯೆಯನ್ನು 866 ಎಂದು ಬದಲಿಸದೆ ಬೋರ್ಡ್ ಆನ್ ಮಾಡಬೇಡಿ.

ಆರೇಳು ನೋಡ್‌ಗಳಿಗೆ ಲೋರಾವಾನ್ (ಲೋರಾ ಮೇಲೆ ಕಟ್ಟಿದ ದೊಡ್ಡ ಜಾಲದ ವ್ಯವಸ್ಥೆ) ಬೇಕಿಲ್ಲ. ಅದಕ್ಕೆ ಎಂಟು ಚಾನೆಲ್‌ನ ಗೇಟ್‌ವೇ ಬೇಕು, ಖರ್ಚು ಹೆಚ್ಚು. ನೋಡ್‌ನಲ್ಲಿರುವ ಮಾಡ್ಯೂಲನ್ನೇ ರಿಸೀವರಾಗಿಯೂ ಬಳಸಿ ನೇರ ಲೋರಾದಲ್ಲಿ ಕೆಲಸ ಮುಗಿಸಬಹುದು. ಒಂದು ಮಾತು ಮಾತ್ರ ನೆನಪಿರಲಿ: ಇಂಥ ರಿಸೀವರ್ ಒಂದು ಸಲಕ್ಕೆ ಒಂದೇ ಆವರ್ತನ, ಒಂದೇ ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್; ಇದು ಹೆಚ್ಚಿದಷ್ಟೂ ಸಂದೇಶ ನಿಧಾನ, ತಲುಪುವ ದೂರ ಹೆಚ್ಚು) ಕೇಳಿಸಿಕೊಳ್ಳುತ್ತದೆ. ದೂರದ ನೋಡ್ ಒಂದಕ್ಕೇ ಎಸ್‌ಎಫ್ 12 ಕೊಟ್ಟು ಉಳಿದವನ್ನು 9ರಲ್ಲಿ ಬಿಟ್ಟರೆ ಆ ನೋಡ್ ಎಂದಿಗೂ ಕೇಳಿಸುವುದಿಲ್ಲ.

ಎಲ್ಲಕ್ಕೂ ಎಸ್‌ಎಫ್ 9, ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್, ಕೋಡಿಂಗ್ ದರ 4/5, ಪ್ರಸಾರದ ಶಕ್ತಿ 17 ಡಿಬಿಎಂ, ಸಿಆರ್‌ಸಿ (ಸಂದೇಶ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷೆ) ಆನ್. 12 ಬೈಟ್‌ನ ಪ್ಯಾಕೆಟ್ (ಒಂದು ಸಲಕ್ಕೆ ಕಳುಹಿಸುವ ಸಂದೇಶ) ಎಸ್‌ಎಫ್ 7ರಲ್ಲಿ ಗಾಳಿಯಲ್ಲಿರುವುದು ಸುಮಾರು 41 ಮಿಲಿಸೆಕೆಂಡ್, 9ರಲ್ಲಿ 144, 12ರಲ್ಲಿ 1155. ಒಂದೊಂದು ಮೆಟ್ಟಿಲು ಏರಿದಾಗ ಸಿಗುವ ಲಾಭ ಸುಮಾರು 2.5 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ), ತೆರುವ ಬ್ಯಾಟರಿ ಹೆಚ್ಚುಕಡಿಮೆ ಇಮ್ಮಡಿ. ಆಂಟೆನಾವನ್ನು ಸರಿಯಾದ ಜಾಗಕ್ಕೆ ಎತ್ತಿದರೆ ಇದಕ್ಕಿಂತ ಹೆಚ್ಚಿನ ಲಾಭ ಬಿಟ್ಟಿಯಾಗಿ ಸಿಗುತ್ತದೆ. ಮೊದಲು ಅದನ್ನು ಮಾಡಿ.

ನೋಡ್ ಮತ್ತು ಅದರ ಬ್ಯಾಟರಿ

ಒಂದು ನೋಡ್‌ಗೆ 3.3 ವೋಲ್ಟ್, 8 ಮೆಗಾಹರ್ಟ್ಸ್‌ನ ಪ್ರೊ ಮಿನಿ ಬೋರ್ಡ್ (ಪುಟ್ಟ ಆರ್ಡುಯಿನೋ ಕಂಪ್ಯೂಟರ್), 868/915 ಗುರುತಿನ ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್, ಕೆಪ್ಯಾಸಿಟಿವ್ ಮಣ್ಣಿನ ತೇವದ ಸೆನ್ಸರ್ ಎರಡು, ನೀರು ತಾಗದ ಕವಚದ ಡಿಎಸ್18ಬಿ20 ಉಷ್ಣತಾ ಸೆನ್ಸರ್ ಒಂದು, ಅದಕ್ಕೆ 4.7 ಕಿಲೋಓಮ್‌ನ ರೆಸಿಸ್ಟರ್, 3.2 ವೋಲ್ಟ್ 1500 ಎಂಎಎಚ್‌ (ಮಿಲಿಆಂಪ್-ಗಂಟೆ)ನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಧೂಳು, ನೀರು ತಡೆಯುವ ಐಪಿ65 ಡಬ್ಬಿ ಬೇಕು. 5 ವೋಲ್ಟ್‌ನ ಪ್ರೊ ಮಿನಿ ನೋಡಲು ಹೀಗೇ ಇರುತ್ತದೆ. ಅದನ್ನು ಹಾಕಿದರೆ ರೇಡಿಯೋ ಮಾಡ್ಯೂಲ್ ಸುಟ್ಟೀತು. ಆಂಟೆನಾ ಇಲ್ಲದೆ ಪ್ರಸಾರ ಮಾಡಿದರೂ ಮಾಡ್ಯೂಲ್ ಕೆಡಬಹುದು. ಮೇಜಿನ ಮೇಲೆ ಪರೀಕ್ಷಿಸುವಾಗಲೂ 8.6 ಸೆಂ.ಮೀ. ತಂತಿಯೊಂದನ್ನು ಬೆಸುಗೆ ಹಾಕಿರಿ. 866 ಮೆಗಾಹರ್ಟ್ಸ್‌ನ ಕಾಲು ಅಲೆಯ ಉದ್ದ ಅಷ್ಟೇ.

ಸೆಲ್ಲನ್ನು ನೇರ ವಿಸಿಸಿ (ವಿದ್ಯುತ್ ಕೊಡುವ) ಪಿನ್‌ಗೆ ಕೊಟ್ಟು, ಬೋರ್ಡಿನ ಪವರ್ ಎಲ್‌ಇಡಿ ಮತ್ತು ರೆಗ್ಯುಲೇಟರ್ ಎರಡನ್ನೂ ಕಿತ್ತುಹಾಕಿ. ಇದು ಚಿಕ್ಕ ವಿಷಯವಲ್ಲ. 15 ನಿಮಿಷಕ್ಕೊಮ್ಮೆ ಕಳುಹಿಸುವ ನೋಡ್‌ನಲ್ಲಿ ಪ್ರಸಾರಕ್ಕೆ ದಿನಕ್ಕೆ ಸುಮಾರು 0.33 ಎಂಎಎಚ್ ಬೇಕು. ನಿದ್ದೆಯಲ್ಲಿ 10 ಮೈಕ್ರೋಆಂಪ್‌ನಂತೆ 0.24, ಸೆನ್ಸರ್ ಓದಲು ಇನ್ನೊಂದು 0.2. ಒಟ್ಟು ಒಂದು ಎಂಎಎಚ್‌ನೊಳಗೇ ಮುಗಿಯುತ್ತದೆ. ಎಲ್‌ಇಡಿ ಒಂದನ್ನು ಉಳಿಸಿದರೆ ಅದೊಂದೇ 2 ಮಿಲಿಆಂಪ್‌ನಂತೆ ದಿನಕ್ಕೆ 48 ಎಂಎಎಚ್ ತಿನ್ನುತ್ತದೆ: ವರ್ಷಗಟ್ಟಲೆ ಬರಬೇಕಾದ ಸೆಲ್ ತಿಂಗಳಿಗೆ ಖಾಲಿ. ನೆರಳಿನ ತೋಟದಲ್ಲಿ ಸೋಲಾರ್ ಪ್ಯಾನೆಲ್ ಈ ತಪ್ಪನ್ನು ಮುಚ್ಚಿಕೊಡುವುದಿಲ್ಲ.

ಐರನ್ ಫಾಸ್ಫೇಟ್ ಸೆಲ್ಲೇ ಯಾಕೆಂದರೆ ಅದರ ವೋಲ್ಟೇಜ್ ಕೊನೆಯ ತನಕ ಹೆಚ್ಚು ಇಳಿಯುವುದಿಲ್ಲ. ತೇವದ ಓದಿಕೆ ಬ್ಯಾಟರಿ ಜೊತೆ ಜಾರುವುದಿಲ್ಲ. ಅದನ್ನು ಟಿಪಿ4056 ಚಾರ್ಜರ್‌ಗೆ ಹಾಕಬೇಡಿ. ಅದು 4.2 ವೋಲ್ಟ್‌ವರೆಗೆ ತುಂಬುತ್ತದೆ, ಈ ಸೆಲ್‌ನ ಮಿತಿ 3.65.

ಪ್ಯಾಕೆಟ್‌ನ 12 ಬೈಟ್ ಹೀಗೆ: ಜಾಲದ ಗುರುತು 1, ನೋಡ್ ಸಂಖ್ಯೆ 1, ಕ್ರಮಸಂಖ್ಯೆ 2, ಮೇಲಿನ ತೇವ 2, ಕೆಳಗಿನ ತೇವ 2, ಉಷ್ಣತೆ 2, ಬ್ಯಾಟರಿ 1, ದೋಷದ ಗುರುತು 1. ಕ್ರಮಸಂಖ್ಯೆಯನ್ನು ಬಿಡಲೇಬೇಡಿ. ನೂರರಲ್ಲಿ ಎಷ್ಟು ಪ್ಯಾಕೆಟ್ ಕಳೆದುಹೋದವು ಎಂದು ಗೊತ್ತಾಗುವುದು ಅದರಿಂದಲೇ. ಪ್ರತಿ ಸಲ ಕಳುಹಿಸುವ ಮೊದಲು 0ರಿಂದ 30 ಸೆಕೆಂಡ್‌ವರೆಗೆ ಎಷ್ಟಾದರೂ ಕಾಯುವಂತೆ ಬರೆಯಿರಿ. ಇಲ್ಲದಿದ್ದರೆ ಎರಡು ನೋಡ್‌ಗಳ ಸಮಯ ಕೂಡಿಬಂದು ಗಂಟೆಗಟ್ಟಲೆ ಒಂದರ ಮಾತಿನ ಮೇಲೆ ಇನ್ನೊಂದು ಬೀಳುತ್ತದೆ.

ಆಂಟೆನಾ ಎಲ್ಲಿ ನಿಲ್ಲಬೇಕು

ತೋಟದಲ್ಲಿ ಎಲೆ ಎರಡು ಪದರದಲ್ಲಿದೆ. ಕೆಳಗೆ ಕಾಫಿ, ಮೇಲೆ ನೆರಳಿನ ಮರ. ನಡುವೆ ಕಾಂಡಗಳಷ್ಟೇ ಇರುವ ತೆರವು. ನೋಡ್‌ನ ಆಂಟೆನಾ ಆ ತೆರವಿನಲ್ಲಿ ಇರಬೇಕು: ಕಾಫಿ ಗಿಡದ ನೆತ್ತಿಗಿಂತ ಎರಡಡಿ ಮೇಲೆ, ಅಂದರೆ ಕಪಾತು ಮಾಡಿದ ತೋಟದಲ್ಲಿ ಸುಮಾರು ಎಂಟು ಅಡಿ. ಡಬ್ಬಿಯನ್ನು ಗಿಡದ ಬುಡದಲ್ಲಿ ಇಟ್ಟರೆ ಸಿಗ್ನಲ್ ಸಾಲುಸಾಲು ಒದ್ದೆ ಕಾಫಿಯನ್ನು ಸೀಳಿಕೊಂಡು ಹೋಗಬೇಕು. ಮರದ ಕಾಂಡಕ್ಕೆ ಒತ್ತಿ ಕಟ್ಟಬೇಡಿ. ಬಿದಿರಿನ ಗಳವೇ ಒಳ್ಳೆಯದು. ಜಿಐ ಪೈಪಾದರೆ ಆಂಟೆನಾ ಪೂರ್ತಿ ಪೈಪಿನ ತುದಿಯಿಂದ ಮೇಲಿರಲಿ, ಪಕ್ಕದಲ್ಲಿ ಲೋಹ ಇದ್ದರೆ ಅದರ ಹೊಂದಿಕೆ ತಪ್ಪುತ್ತದೆ. ಎಲ್ಲ ಆಂಟೆನಾಗಳೂ ನೆಟ್ಟಗೆ ನಿಂತಿರಲಿ.

ರಿಸೀವರ್‌ಗೆ ಮನೆಯ ಛಾವಣಿಗಿಂತ ಎತ್ತರದ ಕಂಬ ಬೇಕು. ತಗಡಿನ ಮಾಡಿನ ಒಳಗೆ, ಅಟ್ಟದ ಮೇಲೆ ಇಟ್ಟರೆ ಏನೂ ಬರುವುದಿಲ್ಲ. ಕೇಬಲ್ ಉದ್ದ ಬೇಡ: ಆರ್‌ಜಿ58 ಕೇಬಲ್ ಈ ಆವರ್ತನದಲ್ಲಿ ಮೀಟರ್‌ಗೆ ಸುಮಾರು ಅರ್ಧ ಡಿಬಿ ನುಂಗುತ್ತದೆ, ಹತ್ತು ಮೀಟರ್ ಎಳೆದರೆ ಎಸ್‌ಎಫ್‌ನಲ್ಲಿ ಎರಡು ಮೆಟ್ಟಿಲು ಇಳಿದಂತೆ. ರಿಸೀವರ್ ಡಬ್ಬಿಯನ್ನೇ ಕಂಬದ ತುದಿಯಲ್ಲಿಟ್ಟು ಕೆಳಗೆ ವಿದ್ಯುತ್ ತಂತಿ ಮಾತ್ರ ಇಳಿಸಿ, ಮಾಹಿತಿಯನ್ನು ವೈಫೈಯಲ್ಲಿ ಮನೆಗೆ ತನ್ನಿ. ಏಪ್ರಿಲ್–ಮೇ ಗುಡುಗಿನ ಕಾಲ. ಕಂಬಕ್ಕೆ ಭೂಸಂಪರ್ಕ, ಆಂಟೆನಾಕ್ಕೆ ಸರ್ಜ್ ಅರೆಸ್ಟರ್ (ಸಿಡಿಲಿನ ಹೊಡೆತ ನೆಲಕ್ಕಿಳಿಸುವ ಸಾಧನ) ಎರಡೂ ಬೇಕು. ಆಂಟೆನಾ ಕೊಳ್ಳುವಾಗ ಎಸ್‌ಎಂಎ ಮತ್ತು ಆರ್‌ಪಿ ಎಸ್‌ಎಂಎ ಕನೆಕ್ಟರ್‌ಗಳ ವ್ಯತ್ಯಾಸ ನೋಡಿಕೊಳ್ಳಿ. ಎರಡೂ ತಿರುಪಿನಲ್ಲಿ ಕೂರುತ್ತವೆ, ಆದರೆ ಬೆರೆಸಿದರೆ ನಡುವಿನ ಪಿನ್ ಸೇರುವುದೇ ಇಲ್ಲ. ಹತ್ತಿರದ ನೋಡ್ ಹೇಗೋ ಕೇಳಿಸುವುದರಿಂದ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ.

ಗುಡ್ಡದ ಮರೆಯಲ್ಲಿರುವ ನೋಡ್‌ಗೆ ನಡುವೆ ರಿಲೇ (ಸಂದೇಶ ಕೇಳಿ ಮುಂದೆ ದಾಟಿಸುವ ನೋಡ್) ಬೇಕಾಗುತ್ತದೆ. ಅದಕ್ಕೆ ಗದ್ದೆಯ ಬದಿಗಿಂತ ಒಳ್ಳೆಯ ಜಾಗವಿಲ್ಲ: ಅಲೆಗೂ ತೆರೆದ ದಾರಿ, ಪ್ಯಾನೆಲ್‌ಗೂ ಬಿಸಿಲು. ರಿಲೇ ಸದಾ ಕೇಳುತ್ತಿರಬೇಕಾದ್ದರಿಂದ ದಿನಕ್ಕೆ ಸುಮಾರು 400 ಎಂಎಎಚ್ ಬೇಕು. ಒಂದು ವಾರ ಬಿಸಿಲೇ ಇಲ್ಲದ ಜುಲೈಯನ್ನು ಲೆಕ್ಕಕ್ಕೆ ಹಿಡಿದು 6000 ಎಂಎಎಚ್‌ನ ಸೆಲ್ ಹಾಕಿ. ಒಮ್ಮೆ ದಾಟಿಸಿದ ನೋಡ್ ಸಂಖ್ಯೆ ಮತ್ತು ಕ್ರಮಸಂಖ್ಯೆಯನ್ನು ಅದು ನೆನಪಿಟ್ಟುಕೊಳ್ಳಲಿ, ಎರಡನೇ ಸಲ ಕಳುಹಿಸದಿರಲಿ.

ಎಸ್‌ಎಫ್ 9 ಓದಲು ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಕನಿಷ್ಠ ಮೈನಸ್ 12.5 ಡಿಬಿ ಬೇಕು. ಎಲೆ ಒದ್ದೆ ಇರುವಾಗ ಮೈನಸ್ 2.5ಕ್ಕಿಂತ ಮೇಲಿದ್ದರೆ ಆ ಜಾಗ ಖಾಯಂ ಮಾಡಿ. ಒಣಗಿದಾಗ ಅಳೆದ ಸಂಖ್ಯೆಗೆ ಬೆಲೆ ಕಟ್ಟಬೇಡಿ.

ಮಣ್ಣಿನ ತೇವ, ಮಳೆಯ ಸೆಂಟ್

ಅಗ್ಗದ ಕೆಪ್ಯಾಸಿಟಿವ್ ಸೆನ್ಸರ್ ಕೊಂಡಾಗ ಅದರ ಚಿಪ್ ಮೇಲಿನ ಬರಹ ನೋಡಿ. ಟಿಎಲ್‌ಸಿ555 ಇದ್ದರೆ ಸರಿ. ಎನ್‌ಇ555 ಇದ್ದರೆ ಅದಕ್ಕೆ 4.5 ವೋಲ್ಟ್ ಬೇಕು, ಈ ನೋಡ್‌ನಲ್ಲಿ ನಡೆಯುವುದಿಲ್ಲ. ಸೆನ್ಸರ್ ಪಟ್ಟಿಯ ಕತ್ತರಿಸಿದ ಅಂಚುಗಳಿಂದ ನೀರು ಒಳಗೆ ಇಳಿಯುತ್ತದೆ. ಅಂಚಿಗೂ ಮೇಲಿನ ಬಿಡಿಭಾಗಗಳಿಗೂ ಎಪಾಕ್ಸಿ ಎರಡು ಕೈ ಬಳಿಯಿರಿ.

ಕಾಫಿ ಬುಡದಿಂದ ಎರಡಡಿ ದೂರ ಗುಂಡಿ ತೆಗೆದು, ಅಗೆಯದ ಪಕ್ಕದ ಗೋಡೆಗೆ 20 ಮತ್ತು 40 ಸೆಂ.ಮೀ. ಆಳದಲ್ಲಿ ಅಡ್ಡಲಾಗಿ ಚುಚ್ಚಿ. ಸುತ್ತ ಗಾಳಿ ಉಳಿದರೆ ಓದಿಕೆ ಸದಾ ಒಣಮಣ್ಣಿನದ್ದೇ. ತೆಗೆದ ಮಣ್ಣನ್ನು ತೆಗೆದ ಕ್ರಮದಲ್ಲೇ ತುಂಬಿ ತುಳಿಯಿರಿ. ನಿಮ್ಮ ತೋಟದ ಮಣ್ಣಿಗೇ ಹೊಂದಿಸಿಕೊಳ್ಳದೆ ಸಂಖ್ಯೆಯನ್ನು ನಂಬಬೇಡಿ: ಐದು ಡಬ್ಬಿಗಳಲ್ಲಿ ಐದು ಹದದ ಮಣ್ಣು ಒತ್ತಿ ತುಂಬಿ, ಓದಿಕೆ ಬರೆದುಕೊಂಡು, ಮಣ್ಣು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಗೊಬ್ಬರ ಹಾಕಿದ ಮೇಲೆ ಕೆಲವು ವಾರ ಮಣ್ಣಿನ ಉಪ್ಪಿನಂಶದಿಂದ ಓದಿಕೆ ಏರಿರುತ್ತದೆ. ಅದನ್ನು ತೇವ ಎಂದು ಎಣಿಸಿ ಹೂವು ಅರಳಿಸಲು ಕೊಡುವ ನೀರು ಮುಂದೂಡಬೇಡಿ.

ಮಳೆಮಾಪಕಕ್ಕೆ ಇಂಚಿನ ನೂರನೇ ಒಂದು ಭಾಗಕ್ಕೆ ಮಗುಚುವ ಬಕೆಟ್ ಸಿಕ್ಕರೆ ಅದನ್ನೇ ಆರಿಸಿ. ತೋಟದ ಪುಸ್ತಕದಲ್ಲಿ ಮಳೆ ಬರೆಯುವುದು ಇಂಚು, ಸೆಂಟ್‌ನಲ್ಲಿ. ಒಂದು ಮಗುಚು ಅಂದರೆ ಒಂದು ಸೆಂಟ್, 0.254 ಮಿ.ಮೀ. ಪರೀಕ್ಷೆ ಸುಲಭ: ಬಾಯಿ 16 ಸೆಂ.ಮೀ. ಅಗಲದ ಮಾಪಕಕ್ಕೆ 511 ಮಿ.ಲೀ. ನೀರನ್ನು ಅರ್ಧ ಗಂಟೆ ಹನಿಹನಿಯಾಗಿ ಬಿಟ್ಟರೆ 100 ಸಲ ಮಗುಚಬೇಕು. ಪ್ಯಾಕೆಟ್‌ನಲ್ಲಿ ಹಿಂದಿನ ಸಲದಿಂದ ಎಷ್ಟು ಎಂದು ಕಳುಹಿಸಬೇಡಿ, ಒಟ್ಟು ಎಣಿಕೆಯನ್ನೇ ಕಳುಹಿಸಿ. ನಡುವೆ ನಾಲ್ಕು ಪ್ಯಾಕೆಟ್ ಕಳೆದರೂ ಮಳೆಯ ಲೆಕ್ಕ ತಪ್ಪುವುದಿಲ್ಲ.

ಕಣ ಮತ್ತು ಗೋದಾಮು

ಇಲ್ಲಿ ಜಿಗ್ಬೀ ಚೆನ್ನಾಗಿ ನಡೆಯುತ್ತದೆ. ವೈಫೈ ರೌಟರ್ 1ನೇ ಚಾನೆಲ್‌ನಲ್ಲಿದ್ದರೆ ಜಿಗ್ಬೀಯನ್ನು 20 ಅಥವಾ 25ರಲ್ಲಿಡಿ. ಸೆನ್ಸರನ್ನು ಮೂಟೆಗಳ ನಡುವೆ ತುರುಕಬೇಡಿ, ಕಾಫಿಯೊಳಗಿನ ತೇವವೂ ಅಲೆ ಹೀರುತ್ತದೆ. ಅಟ್ಟಿಗಿಂತ ಮೇಲೆ ತೂಗುಹಾಕಿ. ಬ್ಯಾಟರಿಯ ಜಿಗ್ಬೀ ಸೆನ್ಸರ್‌ಗಳು ಇನ್ನೊಂದರ ಮಾತನ್ನು ದಾಟಿಸುವುದಿಲ್ಲ, ಕರೆಂಟಿನಲ್ಲಿರುವ ರೌಟರ್ ಸಾಧನಗಳು ಮಾತ್ರ ದಾಟಿಸುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋದೊಡನೆ ಮೆಶ್ (ಒಂದರಿಂದೊಂದಕ್ಕೆ ದಾಟಿಸುವ ಜಾಲ) ಕುಸಿಯುವುದು ಇದರಿಂದ. ಕೋಆರ್ಡಿನೇಟರ್ (ಜಿಗ್ಬೀ ಜಾಲದ ಮುಖ್ಯ ಸಾಧನ) ಜೊತೆಗೆ ಗೋದಾಮಿನ ಒಂದು ರೌಟರನ್ನೂ ಯುಪಿಎಸ್‌ಗೆ ಹಾಕಿ. ಇಎಸ್‌ಪಿ ನೌ (ಇಎಸ್‌ಪಿ ಬೋರ್ಡ್‌ಗಳು ತಮ್ಮೊಳಗೆ ನೇರ ಮಾತಾಡುವ ವಿಧಾನ) ಬಳಸುವವರು ವೈಫೈ ರೌಟರಿನ ಚಾನೆಲನ್ನು ಒಂದಕ್ಕೆ ನಿಲ್ಲಿಸಬೇಕು. ಅದು ತಾನಾಗಿ ಚಾನೆಲ್ ಬದಲಿಸಿದ ದಿನ ಸೆನ್ಸರ್‌ಗಳೆಲ್ಲ ಕಳೆದುಹೋಗುತ್ತವೆ.

ನೋಡ್ ಸುಮ್ಮನಾದಾಗ

ತೋಟಕ್ಕೆ ಓಡುವ ಮೊದಲು ಕೊನೆಯ ಐವತ್ತು ಪ್ಯಾಕೆಟ್ ನೋಡಿ. ಬ್ಯಾಟರಿ ಇಳಿಯುತ್ತ ಬಂದಿದ್ದರೆ ಸೆಲ್. ಬ್ಯಾಟರಿ ಸರಿಯಿದ್ದು ಎಸ್‌ಎನ್‌ಆರ್ ದಿನದಿಂದ ದಿನಕ್ಕೆ ಕುಗ್ಗಿದ್ದರೆ ಕನೆಕ್ಟರ್‌ಗೆ ನೀರು ಇಳಿದಿದೆ, ಅಥವಾ ಬಳ್ಳಿ ಆಂಟೆನಾಕ್ಕೆ ಹಬ್ಬಿದೆ. ಎರಡೂ ಚೆನ್ನಾಗಿದ್ದು ಒಮ್ಮೆಲೇ ನಿಂತಿದ್ದರೆ ಮರಗಸಿಯ (ನೆರಳಿನ ಮರ ಸವರುವಾಗಿನ) ಕೊಂಬೆ ಬಿದ್ದಿರಬೇಕು, ಇಲ್ಲವೇ ಆನೆ ಗಳ ಕಿತ್ತಿರಬೇಕು. ಮಣ್ಣಿನ ಓದಿಕೆ ಮಾತ್ರ ಥಟ್ಟನೆ ಸೊನ್ನೆಯಾದರೆ ಕಳೆ ಕೊಚ್ಚುವ ಯಂತ್ರಕ್ಕೆ ತಂತಿ ಸಿಕ್ಕಿದೆ, ಅಥವಾ ಕಾಡುಹಂದಿ ಅಗೆದಿದೆ. ತಂತಿಯನ್ನು ಪಿವಿಸಿ ಪೈಪಿನೊಳಗೆ ಒಂದಡಿ ಆಳದಲ್ಲಿ ಹೂತು, ಗಳಕ್ಕೆ ಕೆಂಪು ಬಟ್ಟೆ ಕಟ್ಟಿ.

ಡಬ್ಬಿಯ ತಂತಿಗಳೆಲ್ಲ ತಳದಿಂದಲೇ ಒಳಹೋಗಲಿ, ಗ್ಲ್ಯಾಂಡ್‌ಗೆ ಮುಂಚೆ ತಂತಿ ಒಮ್ಮೆ ಕೆಳಗೆ ಬಾಗಿರಲಿ. ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ಹಗಲು ರಾತ್ರಿಯ ಉಷ್ಣತೆಯ ಏರಿಳಿತಕ್ಕೆ ಇಬ್ಬನಿ ಕಟ್ಟುತ್ತದೆ; ತಳದಲ್ಲಿ 3 ಮಿ.ಮೀ. ತೂತು ಕೊರೆದು ಸ್ಟೀಲ್ ಬಲೆ ಅಂಟಿಸಿ. ಬಲೆ ಇಲ್ಲದಿದ್ದರೆ ಒಳಗೆ ಇರುವೆ ಗೂಡು ಕಟ್ಟುತ್ತದೆ. ಮೇ ಕೊನೆಯ ವಾರ ಎಲ್ಲ ಡಬ್ಬಿ ತೆರೆದು ಸಿಲಿಕಾ ಜೆಲ್ ಬದಲಿಸಿ, ಕನೆಕ್ಟರ್‌ಗಳ ಟೇಪ್ ಬಿಚ್ಚಿ ಹೊಸದಾಗಿ ಸುತ್ತಿ, ಮಳೆಮಾಪಕದ ಬಾಯಿಯ ತರಗೆಲೆ ತೆಗೆಯಿರಿ.