ಇಟ್ಟಿಗೆಯ ಹೊರಗೋಡೆಗೆ ಸೀಲರ್ ಹಚ್ಚುವ ಕ್ರಮ

ಗಿಲಾವು ಮಾಡದ ಇಟ್ಟಿಗೆ ಗೋಡೆ ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಅದನ್ನು ಆವಿಯಾಗಿ ಹೊರಬಿಡುತ್ತದೆ. ಕುಡಿದಷ್ಟನ್ನು ಬಿಡಲು ಅದಕ್ಕೆ ಅವಕಾಶ ಸಿಗದಿದ್ದಾಗ ಪಾಚಿ ಕಟ್ಟುವುದು, ಒಳಗೋಡೆಯ ಬಣ್ಣ ಉಬ್ಬುವುದು, ಇಟ್ಟಿಗೆಯ ಮುಖ ಚಕ್ಕೆಯಾಗಿ ಏಳುವುದು ಶುರುವಾಗುತ್ತದೆ. ಆದ್ದರಿಂದ ಸೀಲರ್, ಅಂದರೆ ನೀರು ಇಂಗದಂತೆ ಗೋಡೆಗೆ ಹಚ್ಚುವ ದ್ರವ, ಹೊರಗಿನ ನೀರನ್ನು ತಡೆದರಷ್ಟೇ ಸಾಲದು, ಒಳಗಿನ ತೇವ ಹೊರಹೋಗುವ ದಾರಿಯನ್ನೂ ಬಿಡಬೇಕು.

ನಿಮ್ಮ ಗೋಡೆಗೆ ಸೀಲರ್ ಬೇಕೇ ಎಂಬುದನ್ನು ಒಂದು ಲೋಟ ನೀರಿನಿಂದ ತಿಳಿಯಬಹುದು. ಒಣಗಿದ ಗೋಡೆಗೆ ನೀರು ಎರಚಿದಾಗ ಹನಿಗಳು ಜಾರಿ ಕೆಳಗಿಳಿದರೆ ಸದ್ಯಕ್ಕೆ ಏನೂ ಮಾಡಬೇಕಾಗಿಲ್ಲ. ಎರಚಿದ ಜಾಗ ಕೂಡಲೇ ಕಪ್ಪಾಗಿ ನೀರು ಇಂಗಿಹೋದರೆ ಮುಂದುವರಿಯಬಹುದು.

ಆದರೆ ಅದಕ್ಕೂ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಸೀಲರ್ ತಡೆಯುವುದು ಹೊರಮೈಗೆ ಬಡಿಯುವ ಮಳೆಯನ್ನು ಮಾತ್ರ. ತೇವದ ಗುರುತು ನೆಲದಿಂದ ಮೇಲಕ್ಕೇರಿ ಒಂದು ಎತ್ತರದಲ್ಲಿ ಬಿಳಿ ಉಪ್ಪಿನ ಗೆರೆಯಾಗಿ ನಿಂತಿದ್ದರೆ ಅದು ಅಡಿಪಾಯದಿಂದ ಏರಿದ ನೀರು. ತಾರಸಿಯ ಅಂಚಿನಿಂದ ಇಳಿದಿದ್ದರೆ ಮಳೆನೀರಿನ ಕೊಳವೆಯನ್ನು ಪರೀಕ್ಷಿಸಬೇಕು. ಇಂಥ ಗೋಡೆಗೆ ಸೀಲರ್ ಹಚ್ಚಿದರೆ ಮೊದಲು ಮೇಲ್ಮೈಗೆ ಬಂದು ಪುಡಿಯಾಗುತ್ತಿದ್ದ ಉಪ್ಪು, ಈಗ ಸೀಲರ್ ಇಂಗಿದ ಪದರದ ಹಿಂದೆಯೇ ಹರಳುಗಟ್ಟಿ ಇಟ್ಟಿಗೆಯ ಮುಖವನ್ನು ಒಳಗಿನಿಂದ ತಳ್ಳಿ ಕಳಚುತ್ತದೆ. ಏನೂ ಹಚ್ಚದೆ ಬಿಟ್ಟಿದ್ದರೇ ಆ ಗೋಡೆ ಹೆಚ್ಚು ಕಾಲ ಬಾಳುತ್ತಿತ್ತು.

ನನ್ನ ಅನುಭವದಲ್ಲಿ ನೀರು ಹೆಚ್ಚಾಗಿ ನುಗ್ಗುವುದು ಇಟ್ಟಿಗೆಯ ಮೂಲಕವಲ್ಲ, ಸಂದುಗಳ ಮೂಲಕ. ಬೀಗದ ಕೈಯಿಂದ ಸಂದನ್ನು ಕೆರೆದು ನೋಡಿ: ಗಾರೆ ಮರಳಿನಂತೆ ಉದುರಿದರೆ ಅದನ್ನು ಸುಮಾರು 20 ಮಿಲಿಮೀಟರ್ ಆಳದವರೆಗೆ ಉಳಿಯಿಂದ ತೆಗೆದು, ಸಂದನ್ನು ತೇವಗೊಳಿಸಿ, ಹೊಸ ಗಾರೆಯನ್ನು ಒತ್ತಿ ತುಂಬಬೇಕು. ಹಳೆಯ ಸುಣ್ಣದ ಗಾರೆಯ ಗೋಡೆಗೆ ಗಟ್ಟಿ ಸಿಮೆಂಟ್ ತುಂಬುವುದು ಸಲ್ಲದು. ಮೆತ್ತನೆಯ ಇಟ್ಟಿಗೆಯೇ ಒಡೆಯುತ್ತದೆ. ಸೀಲರ್ ಬಿರುಕನ್ನು ಮುಚ್ಚುವುದಿಲ್ಲವಾದ್ದರಿಂದ ಬಿರುಕುಗಳನ್ನೂ ಕಿಟಕಿ ಚೌಕಟ್ಟಿನ ಸುತ್ತಲಿನ ಬಿಡುವನ್ನೂ ಈಗಲೇ ಮುಚ್ಚಿ. ಹೊಸ ಸಿಮೆಂಟ್ ಗಾರೆ ಪಕ್ವವಾಗಲು 28 ದಿನ ಬಿಡುವುದು ವಾಡಿಕೆ.

ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಬೇಕು, ನೀರು ಹಾಕಿದರೆ ಅದು ಕರಗಿ ಮತ್ತೆ ಒಳಸೇರುತ್ತದೆ. ಪಾಚಿಯನ್ನು ನೀರು ಮತ್ತು ನಾರಿನ ಬ್ರಷ್‌ನಿಂದ ತೊಳೆಯಬಹುದು. ಅತಿ ಒತ್ತಡದ ನೀರಿನ ಯಂತ್ರ ಸುಟ್ಟ ಇಟ್ಟಿಗೆಯ ಗಟ್ಟಿ ಹೊರಪದರವನ್ನೇ ಕಿತ್ತುಬಿಡುತ್ತದೆ. ತೊಳೆದ ಮೇಲೆ ಎರಡು ಮೂರು ಒಣ ದಿನಗಳಾದರೂ ಬಿಡಿ. ನೆರಳಿನ ಗೋಡೆಗೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ಸಿಲೇನ್ ಅಥವಾ ಸಿಲಾಕ್ಸೇನ್ ಎಂದಿರುವ, ಒಳಗಿಳಿಯುವ ಬಗೆಯ ಸೀಲರನ್ನು ಆರಿಸಿ. ಇದು ರಂಧ್ರಗಳನ್ನು ಮುಚ್ಚದೆ ಅವುಗಳ ಒಳಗೋಡೆಗೆ ಅಂಟಿ ನೀರನ್ನು ದೂರವಿಡುತ್ತದೆ, ಆವಿ ಹಾದುಹೋಗುತ್ತದೆ. ಮೇಲೆ ಹೊಳೆಯುವ ಪೊರೆ ಕಟ್ಟುವ ಬಗೆ ನೋಡಲು ಚೆಂದ, ಆದರೆ ಸಿಕ್ಕಿಕೊಂಡ ತೇವದಿಂದ ಅದು ಬೆಳ್ಳಗಾಗಿ ಸುಲಿಯುವುದುಂಟು.

ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಅಡಿ ಜಾಗಕ್ಕೆ ಹಚ್ಚಿ, ಒಣಗಿದ ಮೇಲೆ ಬಣ್ಣ ಬದಲಾಗಿದೆಯೇ ನೋಡಿ. ಗಾಜಿಗೆ ಬಿದ್ದರೆ ಕಲೆ ಉಳಿಯಬಹುದಾದ್ದರಿಂದ ಕಿಟಕಿಗಳನ್ನೂ ಗಿಡಗಳನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ಕನ್ನಡಕ, ಕೈಗವಸು, ಮುಖಕವಚ ಧರಿಸಿ. ಸುಡುಬಿಸಿಲು, ಗಾಳಿ ಇಲ್ಲದ, ಮುಂದಿನ 24 ಗಂಟೆ ಮಳೆಯ ಸೂಚನೆಯಿಲ್ಲದ ದಿನ ಒಳ್ಳೆಯದು. ಕಡಿಮೆ ಒತ್ತಡದ ಕೈಪಂಪಿನಿಂದ ಕೆಳಗಿನಿಂದ ಮೇಲಕ್ಕೆ ಸಾಗುತ್ತಾ, ದ್ರವ ತಾಗಿದ ಜಾಗದಿಂದ ಒಂದು ಗೇಣಿನಷ್ಟು ಕೆಳಕ್ಕೆ ಹರಿಯುವಂತೆ ತುಂಬ ತೋಯಿಸಬೇಕು. ಮೇಲಿನಿಂದ ಶುರುಮಾಡಿದರೆ ಹರಿದ ಗೆರೆಗಳು ಒಣಗೋಡೆಯ ಮೇಲೆ ಪಟ್ಟೆಗಳಾಗಿ ಉಳಿಯುತ್ತವೆ. ಡಬ್ಬಿಯಲ್ಲಿ ಎರಡನೆಯ ಸಲ ಹಚ್ಚಲು ಹೇಳಿದ್ದರೆ, ಸಾಮಾನ್ಯವಾಗಿ ಮೊದಲನೆಯದು ಒಣಗುವ ಮುನ್ನವೇ ಹಚ್ಚಬೇಕು. ಒಣಗಿದ ಪದರ ಎರಡನೆಯದನ್ನು ಒಳಗೆ ಬಿಡುವುದಿಲ್ಲ. ಇಂಗದೆ ನಿಂತದ್ದನ್ನು ಬಟ್ಟೆಯಿಂದ ಒರೆಸಿ. ಗೋಡೆಯ ಬುಡದಲ್ಲಿ ನೀರು ಹೊರಹೋಗಲು ಬಿಟ್ಟ ಸಣ್ಣ ಕಿಂಡಿಗಳನ್ನು ಎಂದಿಗೂ ಮುಚ್ಚಬೇಡಿ.

ಒಂದು ವಾರದ ಬಳಿಕ ಅದೇ ಲೋಟದ ನೀರನ್ನು ಎರಚಿ ನೋಡಿ. ಮುಂದೆ ವರ್ಷಕ್ಕೊಮ್ಮೆ, ಮಳೆ ಹೆಚ್ಚು ಬಡಿಯುವ ಮಗ್ಗುಲಿನಿಂದ ಶುರುಮಾಡಿ ಹೀಗೆಯೇ ಪರೀಕ್ಷಿಸಿದರೆ ಸಾಕು. ನೀರು ಇಟ್ಟಿಗೆಯ ಮೇಲೆ ಹನಿಗಟ್ಟಿ, ಸಂದುಗಳಲ್ಲಿ ಮಾತ್ರ ಇಂಗುತ್ತಿದ್ದರೆ ಇನ್ನೊಂದು ಡಬ್ಬಿ ತರುವ ಮೊದಲು ಆ ಗಾರೆಯನ್ನು ಮತ್ತೊಮ್ಮೆ ಕೆರೆದು ನೋಡಿ.