ಬೀಳುವ ಕಾಫಿ ಬೀಜಕ್ಕೆ ಕಣ್ಣಿಟ್ಟ ಅನುಭವ

ಹಾಸನದಲ್ಲಿ ಕಾಫಿ ಬೀಜದ ಹೊಟ್ಟು ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದ ಹಳೆಯ ಕಲರ್ ಸಾರ್ಟರ್‌ಗೆ, ಎಂದರೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರಕ್ಕೆ, ಹೊಸ ಕ್ಯಾಮೆರಾ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಇಳಿಜಾರು ತಗಡಿನ ಮೇಲೆ ಜಾರಿ ಬೀಳುವ ಬೀಜಗಳಲ್ಲಿ ಕರಿಬೀಜ, ಕಂದುಬೀಜ, ಬಿಳಿಚಿಕೊಂಡದ್ದು ಯಾವುದೆಂದು ಗುರುತಿಸಿ, ಗಾಳಿಯಲ್ಲಿರುವಾಗಲೇ ಊದಿ ಪಕ್ಕಕ್ಕೆ ತಳ್ಳಬೇಕು.

ತಗಡಿನ ತುದಿ ಬಿಡುವಾಗ ಬೀಜದ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಅಂದರೆ ಒಂದು ಮಿಲಿಸೆಕೆಂಡಿಗೆ 3 ಮಿ.ಮೀ. ಪ್ಲಾಂಟೇಶನ್ 'ಎ' ದರ್ಜೆಯ ಬೀಜ 6.65 ಮಿ.ಮೀ. ಜರಡಿಯ ಮೇಲೆ ನಿಲ್ಲುವ ಗಾತ್ರದ್ದು. ಎರಡು ಮಿಲಿಸೆಕೆಂಡ್ ತಡವಾದರೆ ಸಾಕು, ಗಾಳಿಯ ಏಟು ಬೀಳುವುದು ಹಿಂದೆ ಬರುತ್ತಿರುವ ಒಳ್ಳೆಯ ಬೀಜಕ್ಕೆ.

ಕ್ಯಾಮೆರಾ ನೋಡುವ ಗೆರೆಗೂ ಗಾಳಿಯ ನಳಿಕೆಗೂ 90 ಮಿ.ಮೀ. ಅಂತರ; ನಮಗೆ ಸಿಗುವುದು 30 ಮಿಲಿಸೆಕೆಂಡ್. ಕಂಪ್ಯೂಟರಿಗೆ ಇದು ಧಾರಾಳವಾಯಿತು ಎನ್ನುವವರಿದ್ದಾರೆ. ಸರಾಸರಿ ನೋಡಿದರೆ ಹೌದು. ಆದರೆ ಸಾಮಾನ್ಯ ಆಪರೇಟಿಂಗ್ ಸಿಸ್ಟಂ ಒಮ್ಮೆ ಐದು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ, ಇನ್ನೊಮ್ಮೆ ಬೇರೆ ಕೆಲಸಕ್ಕೆ ಹೋಗಿ ಇಪ್ಪತ್ತಕ್ಕೆ ಬರುತ್ತದೆ. ಈ ಏರುಪೇರೇ ನಮ್ಮ ಶತ್ರು. ಉತ್ತರ ಸ್ವಲ್ಪ ನಿಧಾನವಾದರೂ ಅಡ್ಡಿಯಿಲ್ಲ, ಪ್ರತಿ ಸಲವೂ ಅದೇ ಹೊತ್ತಿಗೆ ಬರಬೇಕು. ಅದಕ್ಕೇ ನೋಡುವುದು, ನಿರ್ಧರಿಸುವುದು, ಗಾಳಿಯ ವಾಲ್ವ್ ತೆರೆಯುವುದು ಮೂರನ್ನೂ ಒಂದೇ ಎಫ್‌ಪಿಜಿಎ ಬೋರ್ಡಿಗೆ (ಬೇಕಾದ ಸರ್ಕ್ಯೂಟನ್ನು ನಾವೇ ಒಳಗೆ ರೂಪಿಸಿಕೊಳ್ಳಬಹುದಾದ ಚಿಪ್) ಕೊಟ್ಟೆ. ಕ್ಯಾಮೆರಾ ಚಿತ್ರವನ್ನು ಒಂದೊಂದೇ ಗೆರೆಯಾಗಿ ಓದುತ್ತದೆ; ಕಪ್ಪು ಕಂಡ ಗೆರೆಯ ಸಂಖ್ಯೆ ನೆನಪಿಟ್ಟುಕೊಂಡು, ಅಲ್ಲಿಂದ ಇಷ್ಟೇ ಗೆರೆ ದಾಟಿದ ಮೇಲೆ ಊದು ಎಂಬ ಲೆಕ್ಕ. ವಾಲ್ವ್ ತೆರೆಯಲು ಹಿಡಿಯುವ ಒಂದೆರಡು ಮಿಲಿಸೆಕೆಂಡನ್ನು ಮೊದಲೇ ಕಳೆದಿಟ್ಟಿರುತ್ತೇನೆ. ಕಂಪ್ಯೂಟರಿಗೆ ಉಳಿದದ್ದು ಪರದೆ ತೋರಿಸುವ ಕೆಲಸ ಮಾತ್ರ.

300 ಮಿ.ಮೀ. ಅಗಲಕ್ಕೆ 2048 ಪಿಕ್ಸೆಲ್‌ನ, ಹೀಗೆ ಗೆರೆಗೆರೆಯಾಗಿ ಓದುವ ಲೈನ್ ಸ್ಕ್ಯಾನ್ ಕ್ಯಾಮೆರಾ. ಪಿಕ್ಸೆಲ್ ಚೌಕವಾಗಿರಬೇಕೆಂದರೆ ಸೆಕೆಂಡಿಗೆ ಸುಮಾರು 20,000 ಗೆರೆ ಓದಬೇಕು. ಒಂದು ಗೆರೆಗೆ 50 ಮೈಕ್ರೊಸೆಕೆಂಡ್. ಅಷ್ಟರೊಳಗೆ ಸಾಲುವಷ್ಟು ಬೆಳಕು ಬೇಕು, ಅದೂ ಮಿಣುಕದ ಬೆಳಕು. ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಈ ಕ್ಯಾಮೆರಾದ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮೂಡುತ್ತದೆ. ಏರಿಳಿಯದ ಡಿ.ಸಿ. ಕರೆಂಟಿನ ಎಲ್‌ಇಡಿ ಪಟ್ಟಿಯೇ ಗತಿ.

ನನಗೆ ತುಂಬ ಹಿಡಿಸಿದ್ದು ಹಿನ್ನೆಲೆ ಪಟ್ಟಿಯ ಉಪಾಯ. ಬೀಜದ ಹಿಂದೆ ಕಾಣುವ ಆ ಪಟ್ಟಿಯ ಹೊಳಪನ್ನು ಒಳ್ಳೆಯ ಬೀಜದ ಹೊಳಪಿಗೇ ಹೊಂದಿಸಿಬಿಟ್ಟರೆ ಒಳ್ಳೆಯ ಬೀಜ ಚಿತ್ರದಿಂದ ಹೆಚ್ಚುಕಡಿಮೆ ಮಾಯ! ಉಳಿಯುವುದು ಕರಿಬೀಜದ ಕಲೆ, ಬಿಳಿಚಿದ್ದರ ಬೆಳಕು. ಬೀಜದ ಅಂಚು ಹುಡುಕುವ ಗೋಜೇ ಇಲ್ಲ. ಮೇಲೊಂದು ಮಿತಿ, ಕೆಳಗೊಂದು ಮಿತಿ ಇಟ್ಟರೆ ಮುಗಿಯಿತು. ಡೀಪ್ ಲರ್ನಿಂಗ್ (ಸಾವಿರಾರು ಚಿತ್ರ ನೋಡಿ ತಾನೇ ಕಲಿಯುವ ತಂತ್ರಾಂಶ) ಹಾಕಿಲ್ಲವೇ ಎಂದು ಕೇಳುವವರಿಗೆ ನಾನು ಈ ಪಟ್ಟಿಯನ್ನೇ ತೋರಿಸುತ್ತೇನೆ. ಅರ್ಧ ಕಪ್ಪಾದ ಬೀಜ ಬೆನ್ನು ತೋರಿಸಿ ತಪ್ಪಿಸಿಕೊಳ್ಳದಿರಲಿ ಎಂದು ಹಿಂದೆ, ಮುಂದೆ ಎರಡೂ ಕಡೆ ಕ್ಯಾಮೆರಾ.

ದಿನನಿತ್ಯದ ಕಾಟ ಮಾತ್ರ ಬೇರೆಯದೇ. ಬೀಜದ ಬೆಳ್ಳಿಪೊರೆಯ ಧೂಳು ಗಾಜಿಗೆ ಅಂಟುತ್ತದೆ, ಒರೆಸುತ್ತಲೇ ಇರಬೇಕು. ಮಳೆಗಾಲದಲ್ಲಿ ಕಂಪ್ರೆಸರ್ ಗಾಳಿಯ ತೇವ ವಾಲ್ವಿಗೆ ಇಳಿದರೆ ಅದು ತೆರೆಯುವ ಹೊತ್ತೇ ಬದಲಾಗುತ್ತದೆ, ಹಾಗಾಗಿ ಏರ್ ಡ್ರೈಯರ್ ಬೇಕೇ ಬೇಕು. ಹಲವು ವಾಲ್ವ್ ಒಟ್ಟಿಗೆ ಊದಿದಾಗ ಒತ್ತಡ ಕುಸಿಯದಂತೆ ನಳಿಕೆಗಳ ಪಕ್ಕದಲ್ಲೇ ಸಣ್ಣ ಗಾಳಿ ಟ್ಯಾಂಕು ಇಟ್ಟಿದ್ದೇನೆ.

ಕೊನೆಯ ಮಾತು ಇನ್ನೂ ಬೀಜ ಆರಿಸುವ ಹೆಂಗಸರದೇ. ಲಾಟು ಬದಲಾದಾಗಲೆಲ್ಲ ಅವರು ತಟ್ಟೆಯಲ್ಲಿ ಆರಿಸಿಟ್ಟ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಯಂತ್ರಕ್ಕೆ ಸುರಿದೇ ಮಿತಿಗಳನ್ನು ಕೂರಿಸುತ್ತೇನೆ.